ಚಿಗವ್ವನ ಬಚ್ಚಲ ಬೆಂಚು

ಜಮಖಂಡಿಯ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಗೆ ಹೋದರೆ ಎಚ್ಚರದಿಂದ ಕುಳಿತುಕೊಳ್ಳಿ. ನೀವು ಕುಳಿತ ಕುರ್ಚಿ ಸಂಜೆಯೊಳಗೆ ಬೇರೆ ಏನೋ ಆಗಿಬಿಟ್ಟಿರಬಹುದು! ಅಂಗಡಿಯಿಂದ ತಂದ ವಸ್ತುವನ್ನು ಇದ್ದಂತೆಯೇ ಬಳಸುವುದು ಅವಳ ಜಾಯಮಾನದಲ್ಲೇ ಇಲ್ಲ. ಹೊಸ ಫ್ರಿಜ್ಜಿನ ಬಾಗಿಲಿಗೆ ಎಮ್ಮೆಯ ಕೊರಳ ಗಂಟೆ ಕಟ್ಟಿದ್ದಾಳೆ. ಯಾಕೆಂದು ಕೇಳಿದರೆ, "ನಿಮ್ಮ ಚಿಗಪ್ಪ ಸಕ್ಕರಿ ಬ್ಯಾನಿ ಇದ್ರೂ ಪೇಡೆ ಕದೀತಾರ. ನನಗ ಗೊತ್ತಾಗಬ್ಯಾಡೇನು?" ಎನ್ನುತ್ತಾಳೆ.

ಇಂಥವಳ ಅತ್ತೆ ಹೋದ ವರ್ಷ ಬಚ್ಚಲದಲ್ಲಿ ಜಾರಿ ಬಿದ್ದರು. ಆಗಷ್ಟೇ ಹಾಕಿಸಿದ್ದ, ಮಿರಮಿರ ಮಿಂಚುವ ಟೈಲ್ಸಿನ ಕೃಪೆ! ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಆದರೆ ಸ್ನಾನ ಮಾಡದೆ ಒಲೆ ಮುಟ್ಟದಿದ್ದ ಆ ಹಿರಿಜೀವ ಅಂದಿನಿಂದ ಬಚ್ಚಲದ ಹೊಸಿಲು ದಾಟಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು "ಥಂಡಿ ಐತಿ" ಎನ್ನುವುದು. ಬೇಸಿಗೆಯಲ್ಲಿ, ಅದೂ ಜಮಖಂಡಿಯಲ್ಲಿ, ಥಂಡಿ!

ಚಿಗಪ್ಪ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬಚ್ಚಲದಲ್ಲಿಟ್ಟರು. ಅತ್ತೆ ಅದನ್ನು ಹೊರಗೆ ಹಾಕಿಸಿದರು. "ಇದರ ಮ್ಯಾಲ ಕುಂತ್ರ ಮದವಿ ಊಟಕ್ಕ ಬಂದಂಗ ಆಗ್ತೈತಿ!"

ಕರೆಸಿದ ಬಡಿಗೇರ ಪ್ಲೈವುಡ್ಡಿನಲ್ಲಿ ಬೆಂಚು ಮಾಡಿಕೊಡುತ್ತೇನೆಂದ. "ನೀರ ಬಿದ್ರ ಹಪ್ಪಳ ಆಗ್ತೈತಿ" ಎಂದು ಚಿಗವ್ವ ಅವನ ಗರಗಸವನ್ನಷ್ಟೇ ಇಟ್ಟುಕೊಂಡು ಅವನನ್ನು ಕಳಿಸಿಬಿಟ್ಟಳು. ರಜೆಗೆಂದು ಮುಧೋಳದಿಂದ ಹೋಗಿದ್ದ ನಾನು ಸಿಕ್ಕಿಬಿದ್ದೆ. ಅವಳು ಕೊಯ್ಯುವಾಗ ಹಲಗೆ ಒತ್ತಿ ಹಿಡಿಯುವುದು ನನ್ನ ಕೆಲಸ. ಹಲಗೆ ಎಲ್ಲಿಂದ ಬಂತು ಅಂತೀರಾ? ಅದು ಚಿಗಪ್ಪನಿಗೂ ಗೊತ್ತಿರಲಿಲ್ಲ. ಹಿಪ್ಪರಗಿಯ ಹೊಲದಿಂದ ದಣಿದು ಬಂದು ಕೋಣೆಗೆ ಹೋದರೆ ಗಾದಿ ನೆಲದ ಮೇಲಿದೆ.

"ನನ್ನ ಮಂಚ ಎಲ್ಲೈತಿ?"

"ಕೊಯ್ದೇನಿ."

"ಏನಂದಿ?"

"ಸಾಗವಾನಿ ಕಟಗಿರೀ, ನೀರಿಗೆ ಜಗ್ಗಂಗಿಲ್ಲ. ನನ್ನ ತವರಮನಿಯವ್ರು ಕೊಟ್ಟ ಮಂಚ. ನಿಮಗ್ಯಾಕ ಸಂಕಟ?"

ಅಲ್ಲಿಗೆ ನ್ಯಾಯ ತೀರ್ಮಾನವಾಯಿತು. ಚಿಗಪ್ಪನ ಪಾಲಿಗೆ ಗಾದಿ!

ಬೆಂಚಿನ ಎತ್ತರ ಗೊತ್ತಾಗಬೇಕಲ್ಲ? ಚಿಗವ್ವ ಟೇಪು ಹಿಡಿದು ಅತ್ತೆಯ ಮೊಣಕಾಲು ಅಳೆಯಲು ಹೋದಳು. ಅತ್ತೆ ಬೆಚ್ಚಿಬಿದ್ದರು.

"ಅಳತಿ ತಗೊಂಡು ನನಗ ಚಟ್ಟ ಕಟ್ಟಾಕತ್ತೀಯೇನ ಬೇ?"

"ಚಟ್ಟಕ್ಕ ಇಷ್ಟ ಛಲೋ ಕಟಗಿ ಯಾರ ಹಾಕ್ತಾರ್ರೀ ಅತ್ತಿ? ಕಾಲ ಚಾಚ್ರಿ!"

ಅತ್ತೆ ಬೈಯುತ್ತಲೇ ಕಾಲು ಚಾಚಿದರು.

ನೀರು ಇಳಿಯಲೆಂದು ಹಲಗೆಗಳ ನಡುವೆ ಸಂದು ಬಿಟ್ಟು, ಜಾರದಿರಲೆಂದು ಕಾಲುಗಳಿಗೆ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ ಬಡಿದದ್ದಾಯಿತು. ಇನ್ನು ಪರೀಕ್ಷೆ. ಯಾರ ಮೇಲೆ? ಸಾವಳಗಿಯಲ್ಲಿ ಬೀಗರ ಮನೆಯ ಕಾರ್ಯಕ್ಕೆಂದು ಇಸ್ತ್ರಿ ಧೋತರ ಉಟ್ಟು ಹೊರಟಿದ್ದ ಚಿಗಪ್ಪ ಎದುರಿಗೇ ಸಿಕ್ಕರು! "ಒಂಚೂರ ಕುಂದರ್ರಿ" ಎಂದು ಬಚ್ಚಲದಲ್ಲಿ ಕೂರಿಸಿದವಳೇ ಒಂದು ಬಕೆಟ್ ನೀರು ಸುರಿದು, ಎರಡೂ ಭುಜ ಹಿಡಿದು ಜೋರಾಗಿ ನೂಕಿದಳು. ಬೆಂಚು ಕದಲಲಿಲ್ಲ.

"ಜಾರಲಿಲ್ಲ! ನೋಡ್ರಿ, ಜಾರಲಿಲ್ಲ!"

ಚಿಗಪ್ಪ ಸಿಟ್ಟಿನಿಂದ ಎದ್ದರು. ಸಂದಿನಲ್ಲಿ ಸಿಕ್ಕಿದ್ದ ಧೋತರ ಮಾತ್ರ ಏಳಲಿಲ್ಲ, ಪರ್ರೆಂದು ಹರಿಯಿತು. ಅವರು ಸಾವಳಗಿಗೆ ಹೋದದ್ದು ಮಗನ ಪ್ಯಾಂಟಿನಲ್ಲಿ. ಚಿಗವ್ವ ಮಧ್ಯಾಹ್ನವೆಲ್ಲ ಕೂತು ಹಲಗೆಯ ಅಂಚುಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದಳು. ಬಂದು ನೋಡಿದ ಅತ್ತೆ, "ದನಕ್ಕ ಮೇವ ಹಾಕೋ ಗ್ವಾದ್ಲಿ ಇದ್ದಂಗ ಐತಿ" ಎಂದು ಹೋಗಿಬಿಟ್ಟರು.

ಆದರೆ ಮರುದಿನ ಬೆಳಿಗ್ಗೆ ಹೆಗಲಿಗೆ ಟವೆಲ್ ಹಾಕಿಕೊಂಡು ಅವರೇ ಬಚ್ಚಲಿಗೆ ನಡೆದರು. "ಬಾಗಲಾ ಮುಂದ ಮಾಡ್ರಿ" ಎಂದು ಬಾಗಿಲು ಮುಚ್ಚಿಸಿಕೊಂಡರು. ಚಿಗವ್ವ ಶೇಂಗಾ ಹಸನು ಮಾಡುವ ನೆಪದಲ್ಲಿ ಮೊರ ಹಿಡಿದು ಬಾಗಿಲ ಹೊರಗೇ ಕೂತಳು, ಅವಳ ಪಕ್ಕದಲ್ಲಿ ನಾನು. ಎಷ್ಟು ಹೊತ್ತಾದರೂ ನೀರಿನ ಸದ್ದಿಲ್ಲ.

"ಅತ್ತೀ, ನೀರ ಹಾಕ್ಕೊಳ್ಳಾಕತ್ತಿಲ್ಲೇನ್ರಿ?"

ಒಳಗಿನಿಂದ ಸಣ್ಣದೊಂದು ದನಿ. "ಅಂಜಿಕಿ ಬರಾಕತ್ತೈತಿ."

ಆ ಬಾಯಿಂದ ನಾನು ಎಂತೆಂಥ ಬೈಗುಳ ಕೇಳಿದ್ದೆ, ಈ ಮಾತೊಂದನ್ನು ಕೇಳಿರಲಿಲ್ಲ. ಚಿಗವ್ವ ಮೊರ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಚರಿಗೆಯಿಂದ ನೀರು ಮೆಲ್ಲಗೆ ಬೀಳತೊಡಗಿತು. ಬೆನ್ನು ಉಜ್ಜುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಅತ್ತೆ ಅಂದರು:

"ಎಷ್ಟೊತ್ತಂತ ಬಗ್ಗಿ ನಿಂದರ್ತಿ? ನಡ ಹಿಡದೀತು. ಈಕಡೆ ಸರದೇನಿ, ನೀನೂ ಕುಂದ್ರು."

ಹೊರಗೆ ಕೂತಿದ್ದ ನನಗೆ ಬೆಂಚು ಒಮ್ಮೆ ಕಿರ್ರೆಂದದ್ದು ಕೇಳಿಸಿತು.