ಬಡತನ ನೋಡಲು ಬಂದ ನೆಂಟರು

ಬಡವರ ಮನೆಗೆ ಹೋಗಿ ಅವರ ಬಡತನದ ವಿಚಾರ ಕೇಳಿ ಬರುವುದೇ ಕೆಲಸವಾದರೆ, ಕೇಳಲು ಹೋದವರು ಒಂದಲ್ಲ ಒಂದು ಕಡೆ ಪೇಚಿಗೆ ಸಿಕ್ಕೇ ಸಿಗುತ್ತಾರೆ. ನಾನು ಸಿಕ್ಕಿಕೊಂಡದ್ದನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಪ್ರೊಫೆಸರ್ ಸಾಹೇಬರು ಸಿಕ್ಕಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ, ಯಾಕೆಂದರೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ನಾನು.

ಮಹಾಯುದ್ಧದ ಕಾಲ. ಕಲಬುರ್ಗಿಯ ಒಂದು ಹಳೆಯ ಮನೆಯ ಮಾಳಿಗೆಯಲ್ಲಿ ಒಂದು ಸಣ್ಣ ಸಂಸ್ಥೆ ಇತ್ತು. ಪಟ್ಟಣದ ಬಡವರು ಹೇಗೆ ಬದುಕುತ್ತಾರೆ ಎಂದು ಅಭ್ಯಾಸ ಮಾಡಿ ಸರ್ಕಾರಕ್ಕೆ ತಿಳಿಸುವುದು ಅದರ ಕೆಲಸ. ಊರಿನವರು ಅದನ್ನು ಬಡತನದ ಕಚೇರಿ ಅನ್ನುತ್ತಿದ್ದರು. ಅದರ ಯಜಮಾನರು ಹೈದರಾಬಾದಿನ ಒಬ್ಬ ಪ್ರೊಫೆಸರು, ವಿಲಾಯತಿಯಲ್ಲಿ ಓದಿ ಬಂದವರು, ಬಹಳ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಕೈಕೆಳಗೆ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಅವರ ಕನ್ನಡದಲ್ಲಿ ನಮಸ್ಕಾರ, ನೀರು, ಸಾಕು ಎಂಬ ಮಾತುಗಳಷ್ಟೇ ಇದ್ದವು. ಮೇಲಾಗಿ ಮನೆಯ ಹೆಂಗಸರು ಪರಗಂಡಸಿನ ಎದುರು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ನನ್ನನ್ನು ಕರೆದುಕೊಂಡರು.

ಆ ವರ್ಷ ಜೋಳ ಸಿಗುವುದೇ ಕಷ್ಟವಾಗಿತ್ತು. ಜೇವರ್ಗಿ, ಅಫಜಲಪುರ, ಆಳಂದಗಳಲ್ಲಿ ಕಡಿಮೆ ದರಕ್ಕೆ ಮಾರುವ ಒಂದೊಂದು ಸೋವಿ ಜೋಳದ ಅಂಗಡಿ ತೆರೆಯುವುದೆಂದು ಸರ್ಕಾರ ತೀರ್ಮಾನಿಸಿ, ಯಾವ ಓಣಿಯಲ್ಲಿ ತೆರೆಯಬೇಕೆಂದು ನಮ್ಮನ್ನು ಕೇಳಿತು. ಬಡವರು ಹೆಚ್ಚಿರುವ ಓಣಿಯನ್ನು ನಾವು ತೋರಿಸಬೇಕು. ತೋರಿಸುವುದರಲ್ಲಿ ತಪ್ಪಿದರೆ ಅಂಗಡಿ ಪೇಟೆಯ ವ್ಯಾಪಾರಿಗಳ ನಡುವೆ ಹೋಗಿ ಕೂರುತ್ತದೆ, ಜೋಳ ಹಿಂಬಾಗಿಲಿನಿಂದ ಮಾಯವಾಗುತ್ತದೆ. ಕೆಲಸ ಅಷ್ಟೇನೂ ಕಷ್ಟದ್ದಲ್ಲ ಎಂದು ಹೊರಡುವಾಗ ನಮಗಿಬ್ಬರಿಗೂ ಅನ್ನಿಸಿತ್ತು.

ಜೇವರ್ಗಿಯಲ್ಲಿ ಹಸಿವು

ಜೇವರ್ಗಿ ಆಗ ಪಟ್ಟಣ ಅನ್ನಲು ಬಾರದ, ಹಳ್ಳಿ ಅಂದರೆ ಸಿಟ್ಟಾಗುವ ಊರು. ಪ್ರೊಫೆಸರರ ಮೊದಲ ಪ್ರಶ್ನೆ, ಇವತ್ತು ಊಟ ಮಾಡಿದಿರಾ ಎಂಬುದು. ನಮ್ಮ ಕಡೆ ಆ ಪ್ರಶ್ನೆಗೆ ಒಂದೇ ಉತ್ತರ. ಹೊಟ್ಟೆ ಬೆನ್ನಿಗೆ ಹತ್ತಿದವನೂ "ಆಗ್ಯಾದ್ರಿ, ನಿಮ್ದು?" ಅನ್ನುತ್ತಾನೆ. ನಮ್ಮದು ಆಗಿಲ್ಲ ಅಂದರೆ ಕೈಹಿಡಿದು ಕೂರಿಸುತ್ತಾನೆ, ಆಗಿದೆ ಅಂದರೂ ಕೂರಿಸುತ್ತಾನೆ. ಒಂದು ಮನೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಹುರಿದ ಶೇಂಗಾ, ಮತ್ತೊಂದರಲ್ಲಿ ಕಡಕ್ ರೊಟ್ಟಿಯ ಮೇಲೆ ಹಿಂಡಿ ಎಂಬ ಖಾರದ ಚಟ್ನಿ. ಸಾಹೇಬರಿಗೆ ಬೇಡವೆನ್ನಲು ಸಂಕೋಚ. ಕಣ್ಣಲ್ಲಿ ನೀರು ಸುರಿಸುತ್ತ ಹಿಂಡಿ ತಿಂದರು.

ಊರ ಹೊರಗಿನ ಕೇರಿಯಲ್ಲಿ ಮಾತ್ರ ಯಾರೂ ಏನೂ ಕೊಡಲಿಲ್ಲ. ಅಲ್ಲಿಯ ಹಿರಿಯ ಕೈಕಟ್ಟಿಕೊಂಡು ದೂರ ನಿಂತಿದ್ದ. ಕೊಟ್ಟರೆ ಯಾರೂ ಮುಟ್ಟುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದ ವಿಚಾರ. ಪ್ರೊಫೆಸರರು ತಮಗೆ ಬರುವ ಕನ್ನಡದಲ್ಲಿ "ನೀರು" ಅಂದರು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬಾಕೆ ಚರಿಗೆಯಲ್ಲಿ ತಂದುಕೊಟ್ಟಳು, ಇವರು ನಿಂತಲ್ಲೇ ಕುಡಿದು ಖಾಲಿ ಮಾಡಿದರು. ಆಮೇಲೆ ಊಟದ ವಿಚಾರ ಕೇಳಿದಾಗ ಹಿರಿಯ "ನಿನ್ನಿ ಉಂಡೀವ್ರಿ" ಅಂದ. ಇಡೀ ಊರಿನಲ್ಲಿ ನಮಗೆ ಸಿಕ್ಕ ಖರೇ ಉತ್ತರ ಅದೊಂದೇ.

ಸಂಜೆ ಪ್ರೊಫೆಸರರು ಹೊಟ್ಟೆ ಹಿಡಿದುಕೊಂಡು ಮುಸಾಫಿರಖಾನೆಯಲ್ಲಿ ಮಲಗಿದ್ದರು. ಆ ಕೇರಿಯನ್ನು ಬಿಟ್ಟರೆ ಊರಿನಲ್ಲಿ ಹಸಿವಿನ ಲಕ್ಷಣ ಕಾಣಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಹೇಗೆ ಕಾಣುತ್ತದೆ, ಮನೆಮನೆಯವರ ರಾತ್ರಿ ಊಟವೆಲ್ಲ ನಿಮ್ಮ ಹೊಟ್ಟೆಯಲ್ಲಿದೆ ಎಂದೆ.

ಅಫಜಲಪುರದಲ್ಲಿ ಒಂದು ದಿನದ ಬಡವ

ಅಫಜಲಪುರಕ್ಕೆ ನಮಗಿಂತ ಮೊದಲು ಸುದ್ದಿ ಮುಟ್ಟಿತ್ತು, ಆದರೆ ಸೊಟ್ಟಗೆ ಮುಟ್ಟಿತ್ತು. ಹೊಸ ತೆರಿಗೆ ಹಾಕಲು ಸರ್ಕಾರದವರು ಮನೆ ನೋಡಲು ಬರುತ್ತಾರಂತೆ ಎಂದು ಯಾರೋ ಹಬ್ಬಿಸಿದ್ದರು. ಅಲ್ಲಿಯ ದೊಡ್ಡ ಸಾಹುಕಾರ ಹರಕು ಧೋತರ ಉಟ್ಟು ಬಾಗಿಲಲ್ಲಿ ಕೂತಿದ್ದ. ಎತ್ತುಗಳನ್ನು ಹಿಂದಿನ ದಿನವೇ ಗಾಣಗಾಪುರದ ಬೀಗರ ಮನೆಗೆ ಹೊಡೆಸಿದ್ದ. ಪಡಸಾಲೆಯಲ್ಲಿ ಒಂದು ಚಾಪೆ ಬಿಟ್ಟರೆ ಏನೂ ಇಲ್ಲ. ಮಳೆ ಕೈಕೊಟ್ಟದ್ದು, ತಮ್ಮಂದಿರು ಮೋಸ ಮಾಡಿದ್ದು, ತನಗೆ ಉಬ್ಬಸ ಹತ್ತಿದ್ದು, ಎಲ್ಲವನ್ನೂ ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನಿಜವಾದ ನೀರೇ ಬಂತು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದುಕೊಂಡೆ. ನಾನೂ ಅಳುತ್ತಿದ್ದೇನೆ ಎಂದುಕೊಂಡ ಪ್ರೊಫೆಸರರು ತಮ್ಮ ಉಣ್ಣೆಯ ಶಾಲು ತೆಗೆದು ಅವನಿಗೆ ಹೊದಿಸಿಬಿಟ್ಟರು. ಬೇಡವೆಂದರೆ ಗುಟ್ಟು ಒಡೆಯುತ್ತದೆ, ಸಾಹುಕಾರ ಬಿಸಿಲಿನಲ್ಲಿ ಬೆವರುತ್ತ ಹೊದ್ದು ಕೂತ.

ಅಷ್ಟು ಹೊತ್ತಿಗೆ ಅವನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. ಪಾಪ, ಬಂದವರಿಗೆ ಏನೂ ಕೊಡಲಾಗಲಿಲ್ಲವಲ್ಲ ಎಂದು ಆಕೆಗೆ ತಳಮಳ. ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದು ಅಂದಳು:

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ. ಇವತ್ತೊಂದಿನ ನಾವು ಬಡವರದೀವಿ. ನಾಳಿ ಬರ್ರಿ, ಬೆಳ್ಳಿ ಲೋಟದಾಗ ಕೇಸರಿ ಹಾಲು ಕೊಡ್ತೀನಿ."

ಗೋಡೆ ದಾಟುವ ಕಿಟ್ಲಿ

ಆಳಂದದಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ನೇಕಾರರ ಓಣಿ. ಯುದ್ಧ ಶುರುವಾದ ಮೇಲೆ ನೂಲು ಬರುವುದು ನಿಂತು ಮಗ್ಗಗಳು ಸುಮ್ಮನಾಗಿದ್ದವು. ಗಂಡಸರಲ್ಲಿ ಬಹಳ ಜನ ಸೊಲ್ಲಾಪುರದ ಗಿರಣಿಗಳಿಗೆ ಹೋಗಿದ್ದರು. ಸೋವಿ ಜೋಳ ಇವರಿಗಲ್ಲದೆ ಇನ್ನಾರಿಗೆ ಬೇಕು ಎಂದು ನಾನು ಮೊದಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ಪೇಟೆಯವರು ಮಾತ್ರ ಅಂಗಡಿ ತಮ್ಮಲ್ಲೇ ಆಗಲೆಂದು ತಹಶೀಲ್ದಾರರ ಹಿಂದೆ ಬಿದ್ದಿದ್ದರು.

ಮೊದಲ ಮನೆ ಒಬ್ಬ ಮುದುಕಿಯದು. ಕಂಡಿಕೆಗೆ ನೂಲು ಸುತ್ತಿ ಬದುಕಿದವಳು, ಈಗ ಸುತ್ತಲು ನೂಲಿಲ್ಲ. ಮಗ ಸೊಲ್ಲಾಪುರಕ್ಕೆ ಹೋದವನು ಸುದ್ದಿ ಕಳಿಸಿರಲಿಲ್ಲ. ಮೊಮ್ಮಕ್ಕಳನ್ನು ಇವಳೇ ಸಾಕುತ್ತಿದ್ದಳು. ಒಳಗೆ ಹೋಗಿ ನೋಡಿದರೆ ಕೆಂಪು ಜಮಖಾನೆ, ಒಂದು ಕುರ್ಚಿ, ಹೂವಿನ ಚಿತ್ರದ ಕಪ್-ಬಸಿ, ಸೊಂಡಿಲು ನೆಗ್ಗಿದ ಒಂದು ಚಹಾದ ಕಿಟ್ಲಿ. ಪ್ರೊಫೆಸರರು ಚಹಾ ಕುಡಿದು ಸಂತೋಷಪಟ್ಟರು. ಎರಡನೆಯ ಮನೆಯಲ್ಲೂ ಕೆಂಪು ಜಮಖಾನೆ, ಕುರ್ಚಿ, ಹೂವಿನ ಕಪ್. ಮೂರನೆಯದರಲ್ಲೂ ಹಾಗೆಯೇ. ಈ ಓಣಿಯವರ ಸ್ಥಿತಿ ಪೇಟೆಗಿಂತ ಚೆನ್ನಾಗಿದೆ, ಅಂಗಡಿ ಇಲ್ಲಿ ಬೇಕಿಲ್ಲವೇನೋ ಎಂದು ಅವರು ಅಂಗಳಕ್ಕೆ ಬಂದು ಉರ್ದುವಿನಲ್ಲಿ ಶುರು ಮಾಡಿದರು.

ನನ್ನ ಕಣ್ಣಿಗೆ ಮಾತ್ರ ಮೂರು ಮನೆಯಲ್ಲೂ ಅದೇ ನೆಗ್ಗಿದ ಸೊಂಡಿಲಿನ ಕಿಟ್ಲಿ ಬಿದ್ದಿತ್ತು. ನೀರಿನ ನೆಪ ಮಾಡಿ ಹಿತ್ತಲಿಗೆ ಹೋದೆ. ಒಬ್ಬಾಕೆ ಗೋಡೆಯ ಆಚೆಗೆ ಕುರ್ಚಿ ದಾಟಿಸುತ್ತಿದ್ದಳು, ಈಚೆಗೆ ಕಿಟ್ಲಿ ಬಿಸಿಬಿಸಿಯಾಗಿ ಸೆರಗಿನಲ್ಲಿ ಹಿಡಿದು ಮುಂದಿನ ಮನೆಯವಳು ನಿಂತಿದ್ದಳು. ನನ್ನನ್ನು ನೋಡಿ ಈಕೆಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಸಾಹೇಬರನ್ನು ಇನ್ನೊಂದು ಗಳಿಗೆ ಮಾತಿನಲ್ಲಿ ತಡೆದಿಡಿರಿ, ಜಮಖಾನೆ ಇನ್ನೂ ದಾಟಿಲ್ಲ ಎಂದು ನನ್ನನ್ನೇ ಕೇಳಿಕೊಂಡಳು.

ಮನೆ ಮಗ

ಸಾಹೇಬರಿಗೆ ವಿಷಯ ತಿಳಿಸಿ, ಇಬ್ಬರೂ ಮುದುಕಿಯ ಮನೆಗೆ ಹಿಂದಿರುಗಿದೆವು. ಈಗ ಅಲ್ಲಿ ಬರಿಯ ನೆಲ. ಹೀಗೆ ತೋರಿಸಿಕೊಂಡರೆ ಜೋಳದ ಅಂಗಡಿ ಪೇಟೆಗೆ ಹೋಗುತ್ತದೆ, ಮೊಮ್ಮಕ್ಕಳಿಗೆ ಏನು ಹಾಕುತ್ತೀ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಮುದುಕಿ ತಲೆ ತಗ್ಗಿಸಿದಳು.

"ಗೊತ್ತದರಿ ಅಕ್ಕೋರ. ಆದ್ರ ಮನಿಗಿ ಬಂದ ಬೀಗರ ಮುಂದ ಖಾಲಿ ಗಡಿಗಿ ಇಡಾದು ನಮ್ಮ ಕೈಲೆ ಆಗಂಗಿಲ್ಲ."

ನಾನು ನೆಂಟನಲ್ಲ, ಕೆಲಸಕ್ಕೆ ಬಂದ ಅಧಿಕಾರಿ ಎಂದು ಪ್ರೊಫೆಸರರು ನನ್ನ ಬಾಯಲ್ಲಿ ಹೇಳಿಸಿದರು. ಹಾಗಾದರೆ ಚಹಾದ ಜೊತೆ ಬಿಸ್ಕೀಟೂ ಇಡಬೇಕಿತ್ತಲ್ಲ ಎಂದು ಮುದುಕಿ ಇನ್ನಷ್ಟು ಚಿಂತೆಗೆ ಬಿದ್ದಳು. ಮತ್ತೆ ಯಾರಿಗೆ ಖಾಲಿ ಗಡಿಗೆ ತೋರಿಸಬಹುದು ಎಂದು ಸಾಹೇಬರು ಸೋತು ಕೇಳಿದರು. ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿ, ಮನೆಯ ಮಗನಾದರೆ ಬೇರೆ ಮಾತು ಅಂದಳು. ಮಗ ಬಂದರೆ ಯಾರೂ ಜಮಖಾನೆ ಹಾಸುವುದಿಲ್ಲವಲ್ಲ.

ಮರುದಿನ ಬೆಳಿಗ್ಗೆ ಹೋದಾಗ ಆಕೆ "ಬರ್ರಿ" ಅನ್ನಲಿಲ್ಲ, ಎದ್ದೂ ನಿಲ್ಲಲಿಲ್ಲ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೀ ಎಂದು ಪ್ರೊಫೆಸರರನ್ನು ಗದರಿಸಿ, "ಹಸದಿದ್ರ ಒಳಗ ಹೋಗಿ ನೀನ ಹುಡ್ಕೊಂಡ ಉಣ್ಣು, ನನಗ ಕೆಲಸ ಅದ" ಅಂದಳು. ಸಾಹೇಬರಿಗೆ ನಿಜವಾಗಿಯೂ ಹಸಿವಾಗಿತ್ತು. ಶೇರವಾನಿ ಎತ್ತಿಕೊಂಡು ಒಲೆಯ ಪಕ್ಕ ಕೂತು, ಒಂದರ ಮೇಲೊಂದು ಇಟ್ಟಿದ್ದ ಗಡಿಗೆಗಳನ್ನು ಇಳಿಸುತ್ತ ಹೋದರು. ಮೇಲಿನದು ಖಾಲಿ. ಅದರ ಕೆಳಗಿನದರಲ್ಲಿ ಒಂದಿಷ್ಟು ಹುಣಸೆಹಣ್ಣು. ಇನ್ನೊಂದರಲ್ಲಿ ಹಳೆಯ ಅರಿವೆ. ತಳದ ದೊಡ್ಡ ಗಡಿಗೆಗೆ ಭುಜದವರೆಗೆ ಕೈ ಹಾಕಿದರು, ಬೆರಳಿಗೆ ಹತ್ತಿದಷ್ಟೇ ಹಿಟ್ಟು ಹೊರಗೆ ಬಂತು. ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ಕೂತರು. "ಇಲ್ಲಿ ಏನೂ ಇಲ್ಲ" ಎಂದು, ಅಷ್ಟರಲ್ಲಿ ಕಲಿತಿದ್ದ ಕನ್ನಡದಲ್ಲಿ ಹೇಳಿದರು.

"ಗೊತ್ತದ. ಗದ್ಲ ಮಾಡಬ್ಯಾಡ" ಎಂದಳು ಮುದುಕಿ ಹೊರಗಿನಿಂದ. "ಹುಡುಗರು ಮಕ್ಕೊಂಡಾವ. ಎದ್ರ ಕೇಳ್ತಾವ."

ನಾನು ಅದನ್ನು ಉರ್ದುವಿಗೆ ತಿರುಗಿಸಿ ಹೇಳಬೇಕಿತ್ತು, ನನ್ನಿಂದ ಆಗಲಿಲ್ಲ. ಅವರಿಗೂ ಅದರ ಅಗತ್ಯ ಬೀಳಲಿಲ್ಲ. ಎಷ್ಟೋ ಊರು ತಿರುಗಿ, ಎಷ್ಟೋ ಪ್ರಶ್ನೆ ಕೇಳಿ ತಿಳಿಯದೇ ಇದ್ದದ್ದು ಆ ಮನುಷ್ಯನಿಗೆ ಅವತ್ತು ತಿಳಿಯಿತು ಎಂದೇ ನನ್ನ ನಂಬಿಕೆ.

ಸುದ್ದಿ ಗೋಡೆ ದಾಟಿ ಓಣಿಗೆಲ್ಲ ಹಬ್ಬಿತು. ಆಮೇಲೆ ಒಂದು ಮನೆಯಲ್ಲಿ ಅವರು ತಮ್ಮನಾದರು, ಇನ್ನೊಂದರಲ್ಲಿ ಅಳಿಯ, ಮತ್ತೊಂದರಲ್ಲಿ ಊರು ಬಿಟ್ಟು ಹೋಗಿ ಬಂದ ಕಾಕಾ. ಬಳಗದವರೆಂದ ಮೇಲೆ ಯಾರೂ ಸುಮ್ಮನೆ ಕೂರಿಸಲಿಲ್ಲ. ಒಬ್ಬಾಕೆ ನೀರು ಸೇದಿಸಿದಳು, ಇನ್ನೊಬ್ಬಾಕೆ ಸೋರುವ ಮಾಳಿಗೆ ಹತ್ತಿಸಿ ಮಣ್ಣು ಹಾಕಿಸಿದಳು. ಎಲ್ಲ ಕಡೆಯೂ ಗಡಿಗೆಗಳು ಬಾಯ್ತೆರೆದೇ ಇದ್ದವು. ಸಂಜೆ ಸೊಂಟ ಹಿಡಿದುಕೊಂಡು ಬಂದವರು, ಇಷ್ಟು ವರ್ಷ ನಾನು ಬಡತನದ ಅಭ್ಯಾಸ ಮಾಡಿದ್ದೆ, ಇವತ್ತು ಅದು ನನ್ನ ಅಭ್ಯಾಸ ಮಾಡಿತು ಎಂದು ನರಳಿದರು.

ಅಂಗಡಿ ತೆರೆದ ದಿನ

ಅಂಗಡಿ ನೇಕಾರರ ಓಣಿಯಲ್ಲೇ ಆಯಿತು. ಪ್ರೊಫೆಸರರು ತಾವೇ ತಹಶೀಲ್ದಾರರ ಎದುರು ಕೂತು, ಒಪ್ಪುವವರೆಗೆ ಏಳಲಿಲ್ಲ. ತೆರೆಯುವ ದಿನ ತಳಿರು ತೋರಣ ಕಟ್ಟಿದ್ದರು. ಪೇಟೆಯ ವ್ಯಾಪಾರಿಗಳೂ ಹೊಟ್ಟೆಯುರಿ ನುಂಗಿಕೊಂಡು ಬಂದು ನಿಂತಿದ್ದರು. ತಹಶೀಲ್ದಾರರು ನಮ್ಮ ಸಾಹೇಬರಿಗೆ ಹೂವಿನ ಹಾರ ಹಾಕಿ, ಇವರು ಎಂಥ ವಿದ್ವಾಂಸರು, ಏನೇನು ಓದಿದ್ದಾರೆ ಎಂದು ಭಾಷಣ ಶುರು ಮಾಡಿದರು. ಭಾಷಣ ಮುಗಿಯುವ ಲಕ್ಷಣ ಕಾಣಲಿಲ್ಲ.

ಮುದುಕಿ ಭಾಷಣಕ್ಕೆ ಕಾಯದೆ ಮುಂದೆ ಹೋಗಿ ಮೊದಲ ಜೋಳ ಅಳೆಸಿಕೊಂಡಳು. ಚೀಲದ ಬಾಯಿ ಕಟ್ಟಿ, ಎತ್ತಲು ನೋಡಿ, ಆಗದೆ ಸುತ್ತ ಕಣ್ಣಾಡಿಸಿದಳು. ಹಾರ ಹಾಕಿಕೊಂಡು ನಿಂತ ಪ್ರೊಫೆಸರರು ಕಂಡರು. "ಏ ತಮ್ಮಾ, ಸುಮ್ಮ ಯಾಕ ನಿಂತಿ? ಇದನ್ನ ಮನಿತನಕ ಮುಟ್ಟಸು ಬಾ" ಎಂದು ಎಲ್ಲರ ಮುಂದೆ ಕೂಗಿದಳು. ತಹಶೀಲ್ದಾರರ ಮುಖ ಕೆಂಪಾಯಿತು. ಯಾರೆಂದು ತಿಳಿದಿದ್ದೀ ಮುದುಕಿ, ಅವರು ವಿಲಾಯತಿಗೆ ಹೋಗಿ ದೊಡ್ಡ ದೊಡ್ಡ ಓದು ಓದಿ ಬಂದವರು ಎಂದು ಗದರಿಸಿದರು. ಅಷ್ಟರಲ್ಲಿ ಪ್ರೊಫೆಸರರು ಹಾರ ತೆಗೆದು ನನ್ನ ಕೈಗೆ ಕೊಟ್ಟು, ಚೀಲದ ಮುಂದೆ ಬಗ್ಗಿ ಬೆನ್ನು ಒಡ್ಡಿದ್ದರು.

ಮುದುಕಿ ತಹಶೀಲ್ದಾರರ ಕಡೆ ತಿರುಗಿ ಸಮಾಧಾನದಿಂದ ಹೇಳಿದಳು:

"ಓದಾದು ಮುಗೀತಲ್ರಿ ಸಾಹೇಬ್ರ. ಈಗ ಕೈ ಖಾಲಿ ಅದಾವ, ಹೊರ್ಲಿ ಬಿಡ್ರಿ."