ವಳಸಂಗಕ್ಕೆ ಹೋಗದ ಜೋಳ

ಆ ರವಿವಾರ ವಳಸಂಗದ ಎಸ್.ಟಿ. ಬಸ್ಸಿನ ಕಂಡಕ್ಟರ ಒಂದು ಚೀಲಕ್ಕೆ ಜಾಗ ಕೊಟ್ಟಿದ್ದರೆ ಪ್ರಭುದಾಸನ ಮದುವೆ ಆಗಿಹೋಗುತ್ತಿತ್ತು.

ಚೀಲದಲ್ಲಿದ್ದದ್ದು ಹಿಡಿ ಜೋಳ. ಸೊಲ್ಲಾಪುರದ ಒಂದು ಸಣ್ಣ ಕ್ರೈಸ್ತ ಸಭೆಯ ಹೆಂಗಸರು ಬೀಸಲಿಕ್ಕೆ ಜೋಳ ಅಳೆಯುವಾಗ ದೇವರ ಹೆಸರಿನಲ್ಲಿ ಒಂದು ಹಿಡಿ ತೆಗೆದಿಟ್ಟು, ರವಿವಾರ ಚರ್ಚಿಗೆ ತಂದು ಒಂದೇ ಚೀಲಕ್ಕೆ ಸುರಿಯುತ್ತಿದ್ದರು. ಅದು ಯಾವುದೋ ಬಡ ಮನೆಗೆ ಹೋಗುತ್ತಿತ್ತು. ಯಾರ ಮನೆಗೆ ಎಂಬುದು ಸಭಾಪಾಲಕರಿಗೆ ಮತ್ತು ಹೊತ್ತೊಯ್ಯುವವನಿಗೆ ಬಿಟ್ಟರೆ ಮೂರನೆಯವರಿಗೆ ತಿಳಿಯಬಾರದೆಂಬುದು ಕಟ್ಟಳೆ. ಹೊರುವವನು ಯಾರೆಂಬುದೂ ಗುಟ್ಟೇ.

ಹೊರುವ ಕೆಲಸ ಪ್ರಭುದಾಸನಿಗೆ ಬಂದದ್ದು ಅವನು ಮಾತಾಡುವುದಿಲ್ಲವೆಂದೇ. ಮಿಲ್ಲಿನ ಕಾರಕೂನ, ಬಿ.ಎ. ಪಾಸು, ಬಾಯಿ ಮಾತ್ರ ರಜೆಯ ದಿನ ಮಿಲ್ಲಿನ ಪಾಳಿ ಕೂಗುವ ಭೋಂಗಾ ಇದ್ದ ಹಾಗೆ: ಇತ್ತು, ಊದುತ್ತಿರಲಿಲ್ಲ.

ಜೋಳ ವಳಸಂಗದ ವಿಧವೆ ದ್ರೌಪದಿಬಾಯಿಗೆ ಮುಟ್ಟಬೇಕಿತ್ತು. "ಚೀಲ ಇದ್ರ ಸಂಜಿ ಬಸ್ಸಿಗೆ ಬಾ," ಎಂದು ಕಂಡಕ್ಟರ ಗಂಟೆ ಬಾರಿಸಿದ. ಪ್ರಭುದಾಸ ಚೀಲವನ್ನು ಮನೆಗೆ ತಂದು ಬಾಗಿಲ ಹಿಂದಿಟ್ಟ. ನಾಲ್ಕಕ್ಕೆ ಅಕ್ಕಲಕೋಟದಿಂದ ದಾವೀದಪ್ಪ ಮಾಸ್ತರರು ಮಗಳನ್ನು ಕೊಡುವ ಮಾತಾಡಲು ಬರುವವರಿದ್ದರು. ಆ ಹುಡುಗಿ ಕ್ರಿಸ್‌ಮಸ್ಸಿಗೆ ಹಾಡಿದ್ದನ್ನು ಕೇಳಿದಾಗಿನಿಂದ ಅವನ ಮೌನಕ್ಕೂ ಒಂದು ಅರ್ಥ ಬಂದಿತ್ತು.

ಹೆಪ್ಪು ಕೇಳಲು ಬಂದ ನೆರೆಮನೆಯ ಸುಮಿತ್ರಾಬಾಯಿ ಚರ್ಚಿನ ಚೀಲ ಕಂಡರು.

"ಅಯ್ಯ ದೇವರ! ಹಿಡಿ ಜೋಳ ನಿನ್ನ ಮನಿಗಿ ಬಂತೇನೋ ತಮ್ಮಾ?"

"ನಂದಲ್ರಿ, ಮಾವಶಿ."

"ಮತ್ತ ಯಾರದು?"

ಪ್ರಭುದಾಸ ಬಾಯಿ ತೆರೆದ. ಕಟ್ಟಳೆ ನೆನಪಾಯಿತು. ಮುಚ್ಚಿದ.

ಅಷ್ಟು ಸಾಕಾಯಿತು. "ಮಿಲ್ಲಿನ್ಯಾಗ ನೌಕರಿ ಹೋಗ್ಯದ. ಬಿಚಾರಾ ಮಾನವಂತ, ಹೇಳವಲ್ಲ!" ಎಂದು ಅವರು ಓಣಿಗಿಳಿದರು.

ತಾಸಿನೊಳಗೆ ಸಭಾಪಾಲಕರೊಬ್ಬರನ್ನು ಬಿಟ್ಟು ಇಡೀ ಸಭೆ ಅವನ ಮನೆಯಲ್ಲಿತ್ತು. ಒಬ್ಬರು ರೊಟ್ಟಿ ಗಂಟು ತಂದರು, ಒಬ್ಬರು ಶೇಂಗಾ ಚಟ್ನಿ. ತೀರಿಹೋದ ಗಂಡನ ಕೋಟು ತಂದವರೊಬ್ಬರು ಅದನ್ನು ಅಲ್ಲೇ ತೊಡಿಸಿ ಗುಂಡಿಯನ್ನೂ ಹಾಕಿದರು. ಅದರ ತೋಳು ಪ್ರಭುದಾಸನ ಬೆರಳು ದಾಟಿ ಜೋತಾಡುತ್ತಿತ್ತು.

"ನನಗೇನೂ ಕಡಿಮಿ ಇಲ್ರಿ!" ಎಂದ ಪ್ರಭುದಾಸ.

"ಕಡಿಮಿ ಇದ್ದಾವರು ಹೀಂಗs ಅಂತಾರ," ಎಂದರು ಸುಮಿತ್ರಾಬಾಯಿ, ಅವನ ಬಾಯಿಗೆ ರೊಟ್ಟಿ ತುರುಕುತ್ತ.

ಬಾಯಲ್ಲಿ ರೊಟ್ಟಿ ಇರುವಾಗಲೇ ದಾವೀದಪ್ಪ ಮಾಸ್ತರರು ಹೊಸ್ತಿಲು ದಾಟಿದರು. ಕೋಟು ನೋಡಿದರು, ಚೀಲ ನೋಡಿದರು. ಉಳಿದದ್ದನ್ನು ಹತ್ತು ಮಂದಿ ಒಟ್ಟಿಗೇ ಹೇಳಿದರು.

ಅಷ್ಟರಲ್ಲಿ ಬಾಗಿಲಲ್ಲಿ ದ್ರೌಪದಿಬಾಯಿ! ಜೋಳ ಬರಲಿಲ್ಲವೆಂದು ಕೇಳಲು ವಳಸಂಗದಿಂದ ಬಸ್ಸು ಹಿಡಿದು ಸಭಾಪಾಲಕರ ಮನೆಗೆ ಹೊರಟವರನ್ನು ಓಣಿಯ ಸುದ್ದಿ ಇಲ್ಲಿಗೆ ತಿರುಗಿಸಿತ್ತು. ಪ್ರಭುದಾಸನಿಗೆ ಜೀವ ಬಂತು. ಈಕೆ ಒಂದು ಮಾತು ಹೇಳಿದರೆ ತೀರಿತು.

ಹೇಳಿದರು ಕೂಡ. "ಈ ಜೋಳ ನನಗ ಬರತಿತ್ರಿ. ಮುಚ್ಚಿಡೋದೇನದ ಇದರಾಗ? ಈ ವಾರ ನನಗಿಂತ ಬಡವ ಸಿಕ್ಕಾನ, ಅವಗ ಕೊಟ್ಟೀರಿ. ನನಗ ಬ್ಯಾಸರಿಲ್ಲ. ನಂದೂ ಒಂದು ಹಿಡಿ ಇರಲಿ." ಸೆರಗಿನ ಗಂಟು ಬಿಚ್ಚಿ ಚೀಲಕ್ಕೆ ಸುರಿದರು.

ಪ್ರಭುದಾಸ ಜನ್ಮದಲ್ಲೇ ಮೊದಲ ಬಾರಿಗೆ ಕೂಗಿದ: "ಇದು ನಿಮ್ಮದs ಯವ್ವಾ! ಬಸ್ಸಿನ್ಯಾಗ ಜಾಗಾ ಸಿಗಲಿಲ್ಲ! ತಗೊಂಡು ಹೋಗ್ರಿ!"

"ನೋಡ್ರಿ, ನೋಡ್ರಿ," ಸುಮಿತ್ರಾಬಾಯಿ ಕಣ್ಣೊರೆಸಿಕೊಂಡರು, "ತಾ ಉಪವಾಸ ಇದ್ರೂ ಇದ್ದದ್ದೂ ಕೊಡಾಕತ್ತಾನ!"

ಮನೆ ತುಂಬ ಮೂಗು ಎಳೆಯುವ ಸದ್ದು. ದಾವೀದಪ್ಪ ಮಾಸ್ತರರಂತೂ ಅವನನ್ನು ಕೋಟಿನ ಸಮೇತ ಅಪ್ಪಿಕೊಂಡರು.

"ಎಂಥಾ ಬಂಗಾರದಂಥ ಮನಸೋ ತಮ್ಮಾ ನಿಂದು! ಇಂಥಾ ಅಳಿಯ ಹುಡುಕಿದ್ರ ಸಿಗಂಗಿಲ್ಲ."

ಪ್ರಭುದಾಸ ಕೋಟಿನ ತೋಳಿನಿಂದ ಕೈ ಹೊರತೆಗೆದು ಜೋಡಿಸಿದ.

"ಖರೇ," ಮಾಸ್ತರರು ಅವನ ಬೆನ್ನು ಸವರಿದರು, "ಇಂಥಾ ಹೊತ್ತಿನ್ಯಾಗ ನಿನ್ನ ಮ್ಯಾಲ ಇನ್ನೊಂದು ಹೊಟ್ಟಿ ಹೊರಸಿದ್ರ ಸ್ವಾಮಿ ನನಗ ಕ್ಷಮಾ ಮಾಡಂಗಿಲ್ಲ. ಮದವಿ ಮಾತು ಇಲ್ಲಿಗೇ ಬಿಡೂಣು. ಚಿಂತಿ ಮಾಡಬ್ಯಾಡ, ನಮ್ಮ ಅಕ್ಕಲಕೋಟ ಸಭಾದಾಗೂ ನಿನ್ನ ಹೆಸರೀಲೆ ಜೋಳ ತಗೀತೀವಿ. ಮೊದಲನೇ ಹಿಡಿ ನನ್ನ ಮಗಳ ಕೈಯಿಂದನs ಹಾಕಸ್ತೀನಿ."