ಐಬು ಹೇಳಿ ಮಾರುವ ಅಂಗಡಿ

ಇಳಕಲ್ಲಿನ ನಮ್ಮ ಅಂಗಡಿಯಲ್ಲಿ ಮಧ್ಯಾಹ್ನದವರೆಗೂ ನಗುವಂಥದ್ದೇನೂ ನಡೆಯದಿದ್ದರೆ, ಕೆಲಸದವರೆಲ್ಲ ಬಾಗಿಲ ಕಡೆ ನೋಡಲು ಶುರುಮಾಡುತ್ತೇವೆ. ಯಾರೋ ಬರುತ್ತಾರೆ, ಏನೋ ಆಗುತ್ತದೆ.

ಸಣ್ಣಪುಟ್ಟ ಐಬಿರುವ ಮಾಲನ್ನು ತಂದು ಅರ್ಧ ಬೆಲೆಗೆ ಮಾರುವ ಅಂಗಡಿ ಇದು. ಕಟ್ಟಿ ಬೆಳೆಸಿದ ಸಾವ್ಕಾರ್ರು ಮನಸ್ಸಿನಲ್ಲಿದ್ದುದನ್ನು ಬಾಯಲ್ಲಿ ತಡೆದಿಟ್ಟುಕೊಂಡದ್ದನ್ನು ನಾನಂತೂ ಕಂಡಿಲ್ಲ. ಪ್ರತಿ ಮಾಲಿಗೂ ಅದರ ಐಬು ಬರೆದ ಚೀಟಿ ಅಂಟಿಸಲೇಬೇಕು ಎಂಬುದು ಅವರ ಹಟ. ಬರೆದು ಅಂಟಿಸುವವಳು ನಾನು. ತನ್ನ ಮಾಲನ್ನು ತಾನೇ ಹಳಿಯುವ ಅಂಗಡಿಗೆ ಜನ ಯಾಕೆ ಮುಗಿಬಿದ್ದು ಬರುತ್ತಾರೋ ನನಗೆ ತಿಳಿಯದು. ಅದನ್ನು ನೋಡುತ್ತಾ ಏಳು ವರ್ಷ ಹೋಯಿತು.

ಕೆಲಸ ಬಿಡು ಎನ್ನುವವರಿಗೇನೂ ಕೊರತೆ ಇರಲಿಲ್ಲ. ನನ್ನನ್ನು ನೋಡಲು ಬಂದ ಮೂರು ವರಗಳ ಕಡೆಯವರೂ ಅದನ್ನೇ ಹೇಳಿದ್ದರು. ನಾನು ಒಲ್ಲೆ ಎಂದೆ. ಅವರು ಅವಲಕ್ಕಿ ತಿಂದು ಎದ್ದುಹೋದರು.

೧. ಇಂಟರ್‌ವ್ಯೂ

ನಾನು ನೇಕಾರರ ಮನೆಯವಳು. ಬಿ.ಕಾಂ. ಅಂಕಪಟ್ಟಿ ಹಿಡಿದು ಕೆಲಸ ಕೇಳಲು ಹೋದೆ. ಸಾವ್ಕಾರ್ರು ಅದನ್ನು ಬಿಚ್ಚಲೂ ಇಲ್ಲ. ಒಂದು ಸೀರೆಯನ್ನು ಮುಂದೆ ಹರಡಿ, ಇದರ ಐಬೇನು ಹೇಳು ಎಂದರು. ಸೆರಗು ಕೂಡಿಸಿದಲ್ಲಿ ಎರಡು ಎಳೆ ತಪ್ಪಿದ್ದವು, ಹೇಳಿದೆ. ಸರಿ ಎಂದು ತಲೆಯಾಡಿಸಿದರು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ದಡಿಯ ಬಣ್ಣವೂ ಅರ್ಧಕ್ಕೆ ಬದಲಾಗಿದೆ ಎಂದುಬಿಟ್ಟೆ.

ಅವರು ಸೀರೆಯನ್ನು ಬಿಸಿಲಿಗೆ ಒಯ್ದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಒಂದೇ ಐಬಿದೆ ಎಂದು ನಂಬಿ ಅದನ್ನು ತಮ್ಮ ಹೆಂಡತಿಗೆ ತೆಗೆದಿಟ್ಟಿದ್ದರಂತೆ.

"ನಾಳಿಂದ ಕೆಲಸಕ್ಕ ಬಾ," ಎಂದರು. "ಈ ಎರಡನೇ ಐಬು ಮಾತ್ರ ನಮ್ಮ ಮನ್ಯಾಗ ಹೇಳಬ್ಯಾಡ."

೨. ಗೋಡೆ ಗಡಿಯಾರ

ಹುನಗುಂದದ ಮಾಸ್ತರರೊಬ್ಬರು ಗೋಡೆ ಗಡಿಯಾರ ಕೊಂಡರು. 'ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತದೆ' ಎಂದು ಚೀಟಿಯಿತ್ತು. ವಾರವಾಗುವುದರೊಳಗೆ ಗಡಿಯಾರ ಬಗಲಲ್ಲಿಟ್ಟುಕೊಂಡು ಕೆಂಡವಾಗಿ ಬಂದರು. ಚೀಟಿ ನಂಬಿ ದಿನಾ ಬೆಳಿಗ್ಗೆ ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದ್ದರಂತೆ. ಗಡಿಯಾರ ನೋಡಿದರೆ ಸರಿಯಾಗಿಯೇ ಓಡುವಂಥದ್ದು. ನಾಲ್ಕನೇ ದಿನ ಶಾಲೆಗೆ ಹೋದಾಗ ಪ್ರಾರ್ಥನೆ ಮುಗಿದು ಮೊದಲ ಪಾಠವೂ ಮುಗಿಯುತ್ತಾ ಬಂದಿತ್ತು. ಐಬಿಲ್ಲದ ಮಾಲು ಕೊಟ್ಟು ಮೋಸ ಮಾಡಿದ್ದೀರಿ ಎಂದು ಜಗಳಕ್ಕೇ ನಿಂತರು.

ಸಾವ್ಕಾರ್ರು ತಪ್ಪು ಒಪ್ಪಿಕೊಂಡರು. ಚೀಟಿ ಹರಿಯಲೋ, ಗಡಿಯಾರ ಕೆಡಿಸಿ ಕೊಡಲೋ ಎಂದು ಕೇಳಿದರು. ಮಾಸ್ತರರು ಯೋಚಿಸಿ, ಚೀಟಿ ಹರಿದರೆ ಪೂರ್ತಿ ಬೆಲೆ ಕೊಡಬೇಕೇ ಎಂದರು. ಕೊಡಬೇಕು ಎಂದು ಉತ್ತರ ಬಂತು.

"ಹಂಗಾದ್ರ ಕೆಡಸ್ರಿ," ಎಂದರು ಮಾಸ್ತರರು.

೩. ಬೈಸಿಕೊಳ್ಳಲು ಬಂದವರು

ಬೇಡದ್ದನ್ನು ಕೊಳ್ಳುವ ಗಿರಾಕಿಗಳಿಗೆ ಸಾವ್ಕಾರ್ರು ಎದುರಿಗೇ ಬೈಯುತ್ತಾರೆ. ಇದು ಗುಡೂರಿನವರೆಗೂ ಗೊತ್ತಾಗಿತ್ತು. ಅಲ್ಲಿಂದ ಒಬ್ಬ ಹೆಂಗಸು ಗಂಡನನ್ನು ಕರೆದುಕೊಂಡು ಬಂದಳು. ಕೊಳ್ಳಲು ಬಂದಿಲ್ಲ ಎಂದು ಮೊದಲೇ ಹೇಳಿದಳು. ಮನೆಯಲ್ಲಿ ಆರು ಬ್ಯಾಟರಿ ಟಾರ್ಚು ಇದ್ದರೂ ಈ ಮನುಷ್ಯ ಏಳನೆಯದು ಬೇಕು ಅನ್ನುತ್ತಾನೆ, ನೀವೇ ಬುದ್ಧಿ ಹೇಳಬೇಕು ಎಂದಳು. ಸಾವ್ಕಾರ್ರು ಪುಕ್ಕಟೆಯಾಗಿ, ಮನಸಾರೆ ಬೈದರು. ಗಂಡ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಕೊನೆಗೆ, ಇವಳ ಕಪಾಟಿನ ಸೀರೆಗಳ ಬಗ್ಗೆಯೂ ಎರಡು ಮಾತು ಹೇಳಿ ಎಂದು ಕೈಮುಗಿದ.

ಸಾವ್ಕಾರ್ರು ಒಮ್ಮೆ ಆಕೆಯ ಮುಖ ನೋಡಿ, "ಆ ಬೈಗುಳದ ಮಾಲು ನಮ್ಮ ಅಂಗಡ್ಯಾಗ ಇಲ್ಲ," ಎಂದುಬಿಟ್ಟರು.

೪. ನಾಲ್ಕನೇ ವರ

ನಾಲ್ಕನೇ ವರ ಬಂದದ್ದು ಬಾದಾಮಿಯಿಂದ. ಹುಡುಗನಿಗೆ ಮೊಬೈಲ್ ರಿಪೇರಿ ಅಂಗಡಿ. ನನ್ನ ಕೈಯ ಖಾರದ ಅವಲಕ್ಕಿಯನ್ನು ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿಯಾಗುವವರೆಗೆ ತಿಂದ. ನನಗೆ ಹಿಡಿಸಿದ. ಅದೇ ತೊಂದರೆಯಾಯಿತು. ಬಾದಾಮಿಯಲ್ಲಿ ನಮ್ಮ ಅಂಗಡಿಯ ಶಾಖೆಯಿದೆ. ಹುಡುಗನೂ ಬೇಕು, ಕೆಲಸವೂ ಬೇಕು ಎಂದು ಮೊದಲ ಸಲ ಆಸೆಯಾಗಿತ್ತು. ನಮ್ಮಪ್ಪ ನಾಲ್ಕು ಜನರ ಮುಂದೆ ಮಾತಾಡಲು ಬಾರದವರು. ಹಿರಿಯರೊಬ್ಬರು ಇರಲಿ ಎಂದು ಸಾವ್ಕಾರ್ರನ್ನು ಕರೆದಿದ್ದರು. ಕರೆಯುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಸಾವ್ಕಾರ್ರು ಗಂಟಲು ಸರಿಮಾಡಿಕೊಂಡರು.

"ಐಬು ಮೊದಲ ಹೇಳಿಬಿಡ್ತೇನಿ. ಅಡಗಿ ಸಾಧಾರಣ. ಎದುರು ಮಾತಾಡತಾಳ, ನನಗೂ ಬಿಟ್ಟಿಲ್ಲ. ಅಂಗಡಿ ಕೆಲಸ ಅಂತೂ ಬಿಡೂದಿಲ್ಲ. ಬಾದಾಮಿ ಶಾಖೆ ಇಕಿ ಕೈಯಾಗ ಕೊಡಾವ ನಾ."

ನಮ್ಮಪ್ಪ ಚಾಪೆಯ ಕಡ್ಡಿ ಎಣಿಸತೊಡಗಿದರು. ಏಳು ವರ್ಷ ಇವರ ಚೀಟಿ ಅಂಟಿಸಿದ್ದಕ್ಕೆ ನನ್ನ ಹಣೆಗೇ ಒಂದು ಅಂಟಿಸಿದರಲ್ಲ ಎಂದು ನನಗೆ ಅಳುವೇ ಬಂತು. ಹುಡುಗನ ತಾಯಿ ಚಹಾದ ಕಪ್ಪು ಕೆಳಗಿಟ್ಟರು. ನಮ್ಮ ಮಗನಲ್ಲಿ ಹುಡುಕಿದರೂ ಒಂದು ಐಬಿಲ್ಲ, ಇಷ್ಟೊಂದು ಐಬಿರುವ ಹುಡುಗಿಯನ್ನು ಯಾಕೆ ತರಬೇಕು ಎಂದು ಕೇಳಿದರು.

ಸಾವ್ಕಾರ್ರು ಟೊಪ್ಪಿಗೆ ಹಾಕಿಕೊಂಡು ಎದ್ದೇಬಿಟ್ಟರು.

"ಹಂಗಾದ್ರ ಮುಗೀತ್ರಿ. ಐಬಿಲ್ಲದ ಮಾಲು ನಾವು ತಗೊಳ್ಳೂದಿಲ್ಲ."

ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಹುಡುಗ ಕೈ ಎತ್ತಿದ, ಶಾಲೆಯಲ್ಲಿ ಎತ್ತುವ ಹಾಗೆ.

"ನನಗ ಗೊರಕಿ ಭಾಳ ರೀ. ಎಂಟರ ಮುಂಚೆ ಏಳೂದಿಲ್ಲ. ಅಕಿ ಅಂಗಡಿಗೆ ಹೋದ್ರ ಅಡಗಿ ನಾ ಮಾಡ್ತೇನಿ, ಅದೂ ಸಾಧಾರಣನ. ಅವ್ವನ ಎದುರು ಎಂದೂ ಮಾತಾಡಿದಾವಲ್ಲ, ಇವತ್ತ ಮೊದಲನೇ ಸಲ."

ಅವನ ತಾಯಿ ಮಗನನ್ನು ಹೊಸದಾಗಿ ನೋಡುವಂತೆ ನೋಡಿದರು. ಆಮೇಲೆ ಗೊರಕೆಯ ಮಾತು ಮಾತ್ರ ಖರೆ ಎಂದು ಸಣ್ಣಗೆ ಹೇಳಿದರು. ಸಾವ್ಕಾರ್ರು ಹುಡುಗನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಕೌಂಟರಿನ ಮುಂದೆ ನಿಂತ ಗಿರಾಕಿಯನ್ನು ಕೇಳುವಂತೆ ನನ್ನ ಕಡೆ ತಿರುಗಿದರು.

"ಏನ್ ತಂಗಿ, ಕಟ್ಟಿಸ್ಲೇನು?"